ಗುರಿ ಯಾರದು? ನಮ್ಮ ಪ್ರಾಥಮಿಕ ಶಾಲೆಗಳು ಕೇಳಿಕೊಳ್ಳಬೇಕಾದ ಪ್ರಶ್ನೆ

ಮೇ ತಿಂಗಳಲ್ಲಿ ಕರಾವಳಿಯ ಯಾವ ಪ್ರೌಢಶಾಲೆಯ ಗೇಟಿನ ಮುಂದೆ ಹಾದುಹೋದರೂ ಒಂದು ಫ್ಲೆಕ್ಸ್ ಕಣ್ಣಿಗೆ ಬೀಳುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳ ಫೋಟೊ, ಅದರ ಕೆಳಗೆ ಅಂಕಗಳು, ಕೊನೆಯಲ್ಲಿ ಆಡಳಿತ ಮಂಡಳಿಯ ಅಭಿನಂದನೆ. ಸಂತೋಷ ಪಡಬೇಕಾದ ವಿಷಯವೇ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಶೇ. 91.12 ಫಲಿತಾಂಶದೊಂದಿಗೆ ದಕ್ಷಿಣ ಕನ್ನಡ ಜಿಲ್ಲೆ ರಾಜ್ಯಕ್ಕೆ ಮೊದಲ ಸ್ಥಾನ ಪಡೆಯಿತು. ಶೇ. 89.96ರೊಂದಿಗೆ ಉಡುಪಿ ಎರಡನೇ ಸ್ಥಾನದಲ್ಲಿತ್ತು. ಈ ಸಾಧನೆಯಲ್ಲಿ ನಮ್ಮ ಕ್ಯಾಥೊಲಿಕ್ ಶಾಲೆಗಳ ಪಾಲೂ ಇದೆ ಎಂದು ಹೇಳಿಕೊಳ್ಳಲು ನಮಗೆ ಸಂಕೋಚವಿಲ್ಲ.

ಆದರೆ ಅದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ಓದೋಣ. ರಾಜ್ಯದಲ್ಲೇ ಮೊದಲ ಸ್ಥಾನ ಪಡೆದ ಜಿಲ್ಲೆಯಲ್ಲೂ ನೂರಕ್ಕೆ ಸುಮಾರು ಒಂಬತ್ತು ಮಕ್ಕಳು ಆ ಪರೀಕ್ಷೆಯಲ್ಲಿ ಉತ್ತೀರ್ಣರಾಗಲಿಲ್ಲ. ಅವರ ಫೋಟೊ ಯಾವ ಫ್ಲೆಕ್ಸಿನಲ್ಲೂ ಇಲ್ಲ. ಆ ಮಕ್ಕಳಲ್ಲಿ ಅನೇಕರು ಎಡವಿದ್ದು ಹತ್ತನೇ ತರಗತಿಯಲ್ಲಿ ಅಲ್ಲ. ಎರಡನೇ, ಮೂರನೇ ತರಗತಿಯಲ್ಲಿ ಒತ್ತಕ್ಷರ ಬಂದಾಗ ಓದುವುದು ನಿಂತಿತು, ದಶಕ ತೆಗೆದುಕೊಂಡು ಕಳೆಯುವ ಲೆಕ್ಕ ಅರ್ಥವಾಗದೆ ಉಳಿಯಿತು. ಅಂದು ಯಾರೂ ಗಮನಿಸಲಿಲ್ಲ. ವರ್ಷಗಳು ಕಳೆದಂತೆ ಮಗು ಮುಂದಿನ ತರಗತಿಗೆ ಹೋಯಿತು, ಕಲಿಕೆ ಹಿಂದೆಯೇ ಉಳಿಯಿತು.

ಇದು ನಮ್ಮ ಊರಿನ ಸಮಸ್ಯೆ ಮಾತ್ರವಲ್ಲ. 2025ರ ಜನವರಿಯಲ್ಲಿ ಪ್ರಕಟವಾದ ‘ಅಸರ್ 2024’ ವರದಿ ದೇಶದ ಗ್ರಾಮೀಣ ಮಕ್ಕಳ ಬಗ್ಗೆ ಹೇಳಿದ್ದನ್ನು ನೆನಪಿಸಿಕೊಳ್ಳಿ. ಸರ್ಕಾರಿ ಶಾಲೆಗಳ ಮೂರನೇ ತರಗತಿಯಲ್ಲಿ ಎರಡನೇ ತರಗತಿಯ ಪಾಠವನ್ನು ಓದಬಲ್ಲ ಮಕ್ಕಳು ಶೇ. 23.4, ಐದನೇ ತರಗತಿಯಲ್ಲಿ ಶೇ. 44.8. 2022ಕ್ಕೆ ಹೋಲಿಸಿದರೆ ಎರಡೂ ಏರಿವೆ. ಆದರೂ ಐದನೇ ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಎರಡನೇ ತರಗತಿಯ ಪಾಠ ಕಷ್ಟ. ಇದು ಸರ್ಕಾರಿ ಶಾಲೆಗಳ ಅಂಕಿಅಂಶ, ನಮ್ಮದಲ್ಲ ಎಂದು ನಾವು ಸುಮ್ಮನಿರಬಹುದು. ಹಾಗಾದರೆ ನಮ್ಮ ಶಾಲೆಯ ಅಂಕಿಅಂಶ ಏನು? ಮೂರನೇ ತರಗತಿಯ ಪ್ರತಿ ಮಗುವನ್ನೂ ಹತ್ತಿರ ಕೂರಿಸಿ ಒಂದು ಪುಟ ಓದಿಸಿದ ದಾಖಲೆ ಎಷ್ಟು ಶಾಲೆಗಳಲ್ಲಿದೆ?

ದೊಡ್ಡವರ ಗುರಿ, ಮಗುವಿನ ಗುರಿ

ಇತ್ತೀಚಿನ ವರ್ಷಗಳಲ್ಲಿ ಗುರಿಗಳಿಗೆ ಬರವಿಲ್ಲ. ಕೇಂದ್ರ ಸರ್ಕಾರವು 2021ರ ಜುಲೈ 5ರಂದು ‘ನಿಪುಣ್ ಭಾರತ್’ ಆರಂಭಿಸಿ, 2026-27ರೊಳಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಓದು, ಬರಹ, ಲೆಕ್ಕದ ಬುನಾದಿ ದೊರೆಯಬೇಕು ಎಂದಿತು. ಮೂರನೇ ತರಗತಿಯ ಮಗು ಅರ್ಥ ತಿಳಿದುಕೊಂಡು ನಿಮಿಷಕ್ಕೆ ಕನಿಷ್ಠ 60 ಪದ ಓದಬೇಕು, 9,999ರ ವರೆಗಿನ ಸಂಖ್ಯೆ ಓದಿ ಬರೆಯಬೇಕು ಎಂದು ಗೊತ್ತುಪಡಿಸಿತು. ನಮ್ಮ ರಾಜ್ಯದಲ್ಲಿ ಐದು ಮತ್ತು ಎಂಟನೇ ತರಗತಿಗಳಿಗೆ ಬೋರ್ಡ್ ಮಾದರಿಯ ಪರೀಕ್ಷೆ ಬೇಕೇ ಬೇಡವೇ ಎಂಬ ವಾದ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್ ತನಕ ಹೋಯಿತು. 2024ರ ಏಪ್ರಿಲ್‌ನಲ್ಲಿ ಅಲ್ಲಿಂದ ಫಲಿತಾಂಶಕ್ಕೆ ತಡೆಯೂ ಬಂತು. ಸರ್ಕಾರ, ಖಾಸಗಿ ಶಾಲೆಗಳ ಸಂಘಟನೆಗಳು, ವಕೀಲರು ಎಲ್ಲರೂ ಮಾತನಾಡಿದರು. ಪರೀಕ್ಷೆ ಬರೆದು ಕುಳಿತ ಹತ್ತು ವರ್ಷದ ಮಗುವನ್ನು ಮಾತ್ರ ‘ನಿನಗೆ ಏನು ಬಂತು, ಏನು ಬರಲಿಲ್ಲ’ ಎಂದು ಯಾರೂ ಕೇಳಲಿಲ್ಲ.

ಮನೆಯಲ್ಲೂ ಇದೇ ಕಥೆ. ಶಾಲೆ ಆರಂಭವಾದಾಗ ‘ನನ್ನ ಈ ವರ್ಷದ ಗುರಿ’ ಎಂದು ಬರೆದು ತರಲು ಹೇಳಿದರೆ ಮಕ್ಕಳು ತರುವ ಚೀಟಿಗಳನ್ನು ಶಿಕ್ಷಕರು ಬಲ್ಲರು. ‘ಫಸ್ಟ್ ರ‍್ಯಾಂಕ್ ಬರುತ್ತೇನೆ’, ‘ನೂರಕ್ಕೆ ನೂರು ತೆಗೆಯುತ್ತೇನೆ’, ‘ಡಾಕ್ಟರ್ ಆಗುತ್ತೇನೆ’. ಅಕ್ಷರ ಮಗುವಿನದು, ಮಾತು ಹೆತ್ತವರದು. ಆ ಚೀಟಿ ಫೈಲಿಗೆ ಸೇರುತ್ತದೆ, ಮಾರ್ಚ್ ತನಕ ಯಾರೂ ತೆರೆಯುವುದಿಲ್ಲ.

ಇಂತಹ ಗುರಿಯಿಂದ ಮಗುವಿಗೆ ಏನು ಪ್ರಯೋಜನ? ಈ ಪ್ರಶ್ನೆಗೆ 1981ರಲ್ಲಿ ಆಲ್ಬರ್ಟ್ ಬಂಡೂರ ಮತ್ತು ಡೇಲ್ ಶಂಕ್ ಎಂಬ ಮನಃಶಾಸ್ತ್ರಜ್ಞರು ಅಮೆರಿಕದಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಸರಳ ಉತ್ತರ ಕೊಡುತ್ತದೆ. ಲೆಕ್ಕದಲ್ಲಿ ಹಿಂದೆ ಇದ್ದ, ಲೆಕ್ಕವೆಂದರೆ ಬೇಸರಪಡುತ್ತಿದ್ದ ಪ್ರಾಥಮಿಕ ಶಾಲೆಯ ಮಕ್ಕಳನ್ನು ಅವರು ಆರಿಸಿಕೊಂಡರು. ಎಲ್ಲರಿಗೂ ಕಳೆಯುವ ಲೆಕ್ಕದ ಒಂದೇ ಪುಸ್ತಕ, 42 ಪುಟ, ಏಳು ತರಗತಿಗಳು. ಒಂದು ಗುಂಪಿಗೆ ‘ಪ್ರತಿ ತರಗತಿಯಲ್ಲಿ ಆರು ಪುಟ’ ಎಂದು ಸೂಚಿಸಲಾಯಿತು. ಇನ್ನೊಂದು ಗುಂಪಿಗೆ ‘ಏಳನೇ ತರಗತಿ ಮುಗಿಯುವಾಗ 42 ಪುಟ’ ಎಂದರು. ಮತ್ತೊಂದು ಗುಂಪಿಗೆ ಗುರಿ ಹೇಳಲೇ ಇಲ್ಲ. ಆರಾರು ಪುಟದ ಗುರಿ ಇದ್ದ ಮಕ್ಕಳು ಲೆಕ್ಕದಲ್ಲೂ ಧೈರ್ಯದಲ್ಲೂ ಆಸಕ್ತಿಯಲ್ಲೂ ಉಳಿದವರಿಗಿಂತ ಮುಂದೆ ಹೋದರು. ದೂರದ ಗುರಿ ಇಟ್ಟುಕೊಂಡವರಿಗೆ ಆ ಗುರಿಯಿಂದ ಹೇಳಿಕೊಳ್ಳುವಂತಹ ಪ್ರಯೋಜನವೇ ಕಾಣಲಿಲ್ಲ.

ಆರು ಏಳಲೆ ನಲವತ್ತೆರಡು. ಕೆಲಸ ಒಂದೇ. ವ್ಯತ್ಯಾಸ ಇಷ್ಟೇ: ಮೊದಲ ಗುಂಪಿನ ಮಗು ಪ್ರತಿ ದಿನ ‘ನನಗೆ ಆಯಿತು’ ಎಂದು ಎದ್ದು ಹೋಯಿತು. ಹಿಂದುಳಿದ ಮಗುವಿಗೆ ಬೇಕಾದ ಮೊದಲ ಔಷಧ ಇದೇ.

ನಮ್ಮ ಮಕ್ಕಳು ಇಷ್ಟು ಚಿಕ್ಕ ವಯಸ್ಸಿನಲ್ಲಿ ಗುರಿ ಇಟ್ಟುಕೊಳ್ಳಬಲ್ಲರೇ ಎಂದು ಸಂಶಯ ಪಡುವವರು ಮೊಂತಿ ಫೆಸ್ತನ್ನು ನೆನೆಯಲಿ. ಸೆಪ್ಟೆಂಬರ್ 8ರ ಮೊದಲು ಒಂಬತ್ತು ದಿನ, ಮಳೆ ಇರಲಿ ಬಿಸಿಲಿರಲಿ, ಮಕ್ಕಳು ಹೂ ಕೊಯ್ದು ಬುಟ್ಟಿ ತುಂಬಿಸಿ ಚರ್ಚಿಗೆ ತರುತ್ತಾರೆ. ನಾಳೆಯ ಹೂ ಯಾರ ಹಿತ್ತಿಲಲ್ಲಿ ಸಿಗುತ್ತದೆ ಎಂದು ಇಂದೇ ಯೋಚಿಸುತ್ತಾರೆ. ಇನ್ನು ಎಷ್ಟು ದಿನ ಉಳಿದಿದೆ ಎಂಬುದು ಅವರಿಗೆ ಬಾಯಿಪಾಠ. ಗುರಿ ಕಣ್ಣಿಗೆ ಕಾಣುವಷ್ಟು ಹತ್ತಿರ ಇದ್ದರೆ, ಅದು ತನ್ನದು ಎಂದು ಅನ್ನಿಸಿದರೆ, ಆರು ವರ್ಷದ ಮಗುವೂ ಅದನ್ನು ಬಿಡುವುದಿಲ್ಲ.

ನಮ್ಮ ರಾಜ್ಯವೇ ತೋರಿಸಿದ ದಾರಿ

ಇದಕ್ಕೆ ನಾವು ವಿದೇಶದ ಕಡೆಗೆ ಮಾತ್ರ ನೋಡಬೇಕಾಗಿಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಸರ್ಕಾರಿ ಶಾಲೆಗಳಲ್ಲಿ, ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ಶಿಕ್ಷಕರು ‘ನಲಿಕಲಿ’ ಆರಂಭಿಸಿದರು. 2009-10ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೇ ತರಗತಿಗೆ ವಿಸ್ತರಿಸಿತು. ಅದರ ಜೀವಾಳ ಗೋಡೆಯ ಮೇಲಿನ ಕಲಿಕಾ ಏಣಿ. ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆದು ಪ್ರತಿ ಮೆಟ್ಟಿಲಿಗೂ ಒಂದು ಕಾರ್ಡು. ಮಗು ಬೆಳಿಗ್ಗೆ ಬಂದು ತಾನು ನಿನ್ನೆ ಎಲ್ಲಿ ನಿಂತಿದ್ದೆ ಎಂದು ನೋಡಿ, ತನ್ನ ಕಾರ್ಡನ್ನು ತಾನೇ ತೆಗೆದುಕೊಂಡು ಕೂರುತ್ತದೆ. ನಾಲ್ಕು ದಿನ ಜ್ವರ ಬಂದು ಮಲಗಿದ್ದ ಮಗುವೂ ತನ್ನ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ.

ನಲಿಕಲಿಯ ಬಗ್ಗೆ ಟೀಕೆಗಳೂ ಇವೆ, ಎಲ್ಲ ಕಡೆ ಅದು ಒಂದೇ ರೀತಿ ನಡೆದಿಲ್ಲ. ಆದರೆ ‘ನಾನು ಎಲ್ಲಿದ್ದೇನೆ, ಮುಂದಿನ ಮೆಟ್ಟಿಲು ಯಾವುದು’ ಎಂದು ಮಗುವಿಗೇ ತಿಳಿದಿರಬೇಕು ಎಂಬ ಅದರ ತತ್ವ ದೊಡ್ಡದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಗ್ಗೆ ನಮ್ಮ ರಾಜ್ಯದಲ್ಲಿ ಭಿನ್ನಾಭಿಪ್ರಾಯ ಉಂಟು. ಆದರೆ ಪ್ರಗತಿ ಪತ್ರದಲ್ಲಿ ಶಿಕ್ಷಕರ ಮಾತಿನ ಜೊತೆ ಮಗು ತನ್ನ ಬಗ್ಗೆ ತಾನು ಹೇಳುವ ಮಾತಿಗೂ ಜಾಗ ಇರಬೇಕು ಎಂದು ಅದು ಹೇಳಿದ್ದನ್ನು ಯಾರೂ ತಳ್ಳಿಹಾಕುವಂತಿಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಹೋಗಿ ನೆಲೆಸಿದ ನಮ್ಮವರು ಅಲ್ಲಿನ ಅನೇಕ ಪ್ರಾಥಮಿಕ ಶಾಲೆಗಳ ಒಂದು ರೂಢಿಯನ್ನು ಬಲ್ಲರು. ಹೆತ್ತವರ ಸಭೆಯಲ್ಲಿ ಮಗುವೂ ಕುರ್ಚಿ ಎಳೆದು ಕೂರುತ್ತದೆ, ತನ್ನ ಮುಂದಿನ ಗುರಿಯನ್ನು ತಾನೇ ಹೇಳುತ್ತದೆ. ನಮ್ಮಲ್ಲಿ ಹೆತ್ತವರ ಸಭೆ ನಡೆಯುವಾಗ ಮಗು ಹೊರಗೆ ಜಗಲಿಯಲ್ಲಿ ನಿಂತು ಒಳಗೆ ತನ್ನ ಬಗ್ಗೆ ಏನು ಹೇಳುತ್ತಿದ್ದಾರೋ ಎಂದು ಹೆದರುತ್ತಿರುತ್ತದೆ.

ತರಗತಿಯಲ್ಲಿ ಹೇಗೆ?

ಮೊದಲ ಕೆಲಸ, ಗುರಿ ಬರೆಸುವುದಲ್ಲ, ಮಗು ಎಲ್ಲಿದೆ ಎಂದು ತಿಳಿಯುವುದು. ಒಂದು ಮಗುವಿಗೆ ಐದು ನಿಮಿಷ ಎಂದು ಇಟ್ಟುಕೊಳ್ಳೋಣ. ಮೂವತ್ತು ಮಕ್ಕಳಿಗೆ 150 ನಿಮಿಷ. ದಿನಕ್ಕೆ ಹದಿನೈದು ನಿಮಿಷ ಮೀಸಲಿಟ್ಟರೆ ಹತ್ತು ದಿನಗಳಲ್ಲಿ ಇಡೀ ತರಗತಿ ಮುಗಿಯುತ್ತದೆ. ಆ ಐದು ನಿಮಿಷದಲ್ಲಿ ಒಂದು ಸಣ್ಣ ಪುಟ ಓದಿಸಬೇಕು, ಒಂದೆರಡು ಲೆಕ್ಕ ಮಾಡಿಸಬೇಕು, ನಂತರ ಕೇಳಬೇಕು. ಉದಾಹರಣೆಗೆ ಮೂರನೇ ತರಗತಿಯ ಒಂದು ಮಗುವಿನೊಂದಿಗೆ ಮಾತು ಹೀಗೆ ನಡೆಯಬಹುದು:

“ಓದುವಾಗ ಎಲ್ಲಿ ಕಷ್ಟ ಆಗ್ತದೆ ಮಗಾ?”

“ಒತ್ತಕ್ಷರ ಬಂದರೆ ಗೊತ್ತಾಗುವುದಿಲ್ಲ ಟೀಚರ್.”

“ಯಾವ ಒತ್ತು?”

“ರ ಒತ್ತು. ಮತ್ತೆ ಯ ಒತ್ತು.”

“ಸರಿ, ಮುಂದಿನ ಶುಕ್ರವಾರಕ್ಕೆ ಅಂಥ ಎಷ್ಟು ಪದ ಓದ್ತೀ?”

“ಹತ್ತು.”

“ಅದಕ್ಕೆ ದಿನಾ ಏನು ಮಾಡ್ತೀ?”

“ಎರಡೆರಡು ಪದ ಬರೆದು ಅಜ್ಜಿಗೆ ಓದಿ ಹೇಳ್ತೇನೆ.”

ಇಷ್ಟೇ. ಇಲ್ಲಿ ‘ಚೆನ್ನಾಗಿ ಓದುತ್ತೇನೆ’ ಎಂಬ ತೇಲುವ ಮಾತಿಲ್ಲ. ಏನು, ಎಷ್ಟು, ಯಾವಾಗ, ಹೇಗೆ ಎಂಬ ನಾಲ್ಕೂ ಮಗುವಿನ ಬಾಯಿಂದಲೇ ಬಂದಿವೆ. ಶುಕ್ರವಾರ ಚಂದ್ರ, ಸಮುದ್ರ, ವಾಕ್ಯ, ವಿದ್ಯೆ ಎಂದು ಹತ್ತು ಪದ ಓದಿಸಿದರೆ ಗುರಿ ಮುಟ್ಟಿತೇ ಇಲ್ಲವೇ ಎಂದು ಮಗುವಿಗೂ ಟೀಚರಿಗೂ ಒಟ್ಟಿಗೆ ತಿಳಿಯುತ್ತದೆ. ಇಂಗ್ಲಿಷ್ ಮಾಧ್ಯಮದ ಮಗುವಿಗೆ ಅದು ಹತ್ತು ಸ್ಪೆಲಿಂಗ್ ಇರಬಹುದು, ಇನ್ನೊಬ್ಬನಿಗೆ ಏಳರ ಮಗ್ಗಿ ಇರಬಹುದು, ಮಾತೇ ಆಡದ ಮಗುವಿಗೆ ವಾರದಲ್ಲಿ ಎರಡು ಸಲ ಕೈ ಎತ್ತಿ ಪ್ರಶ್ನೆ ಕೇಳುವುದೇ ಗುರಿಯಾಗಬಹುದು.

ಮುಟ್ಟದಿದ್ದರೆ? ಬೈಯುವುದಲ್ಲ, ಗುರಿಯನ್ನು ಇನ್ನೂ ಸಣ್ಣದು ಮಾಡುವುದು. ಹತ್ತು ಪದ ಆಗದಿದ್ದರೆ ನಾಲ್ಕು. ನಿಮಿಷಕ್ಕೆ 60 ಪದ ಎಂಬುದು ಸರ್ಕಾರದ ಗುರಿ, ಶಿಕ್ಷಕರಿಗೆ ಅದು ಗೊತ್ತಿರಬೇಕು. ಆದರೆ ಇಪ್ಪತ್ತು ಪದ ಓದುವ ಮಗುವಿನ ಮುಂದೆ ಅರವತ್ತನ್ನು ಇಟ್ಟರೆ ಅದು ಓಟ ಬಿಟ್ಟು ಕೂರುತ್ತದೆ. ಇಪ್ಪತ್ತೈದು ಇಟ್ಟರೆ ಹೆಜ್ಜೆ ಎತ್ತುತ್ತದೆ.

ಇನ್ನೊಂದು ಎಚ್ಚರಿಕೆ. ಮಕ್ಕಳ ಗುರಿಗಳನ್ನು ಗೋಡೆಗೆ ಅಂಟಿಸಿ ಯಾರು ಮುಟ್ಟಿದರು, ಯಾರು ಮುಟ್ಟಲಿಲ್ಲ ಎಂದು ನಕ್ಷತ್ರ ಹಚ್ಚಿದರೆ ಅದು ಇನ್ನೊಂದು ರ‍್ಯಾಂಕ್ ಪಟ್ಟಿಯಾಗುತ್ತದೆ. ಮಗುವಿನ ಹೋಲಿಕೆ ಅದರ ಕಳೆದ ವಾರದೊಂದಿಗೆ ಇರಲಿ, ಪಕ್ಕದ ಬೆಂಚಿನ ಮಗುವಿನೊಂದಿಗೆ ಬೇಡ. ಪುಸ್ತಕದ ಕೊನೆಯ ಪುಟ ಸಾಕು, ಮುದ್ರಿಸಿದ ಫಾರಂ ಬೇಕಾಗಿಲ್ಲ.

ಮನೆಯಲ್ಲಿ ಮೂರು ಪ್ರಶ್ನೆ

ಮಕ್ಕಳ ಮೊದಲ ಶಿಕ್ಷಕರು ಹೆತ್ತವರು ಎಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಹೊರಡಿಸಿದ ಕ್ರೈಸ್ತ ಶಿಕ್ಷಣದ ಘೋಷಣೆ ಸ್ಪಷ್ಟವಾಗಿ ಹೇಳಿದೆ. ಆದರೆ ಅನೇಕ ಮನೆಗಳಲ್ಲಿ ತಾಯಿ ‘ನನಗೆ ಇಂಗ್ಲಿಷ್ ಬರುವುದಿಲ್ಲ, ಏನು ಕಲಿಸಲಿ?’ ಎಂದು ಹಿಂಜರಿಯುತ್ತಾರೆ. ಮನೆಯಲ್ಲಿ ಕೊಂಕಣಿ, ತುಳು ಅಥವಾ ಬ್ಯಾರಿ, ಶಾಲೆಯಲ್ಲಿ ಬೇರೆ ಭಾಷೆ. ತಂದೆ ಗಲ್ಫಿನಲ್ಲಿ, ಫೋನಿನಲ್ಲಿ ಮೊದಲ ಪ್ರಶ್ನೆ ‘ಮಾರ್ಕ್ಸ್ ಎಷ್ಟು ಬಂತು?’ ಆಮೇಲೆ ಟ್ಯೂಷನ್ ಫೀಸಿನ ಮಾತು.

ಇಂತಹ ಮನೆಗಳಿಗೆ ನಾವು ಮೂರೇ ಪ್ರಶ್ನೆ ಸೂಚಿಸುತ್ತೇವೆ. ಈ ವಾರ ನಿನ್ನ ಗುರಿ ಏನು? ಎಷ್ಟಾಯಿತು? ನಾನೇನು ಸಹಾಯ ಮಾಡಲಿ? ಇದನ್ನು ಕೇಳಲು ಇಂಗ್ಲಿಷ್ ಬೇಡ, ಡಿಗ್ರಿ ಬೇಡ. ಬೀಡಿ ಕಟ್ಟುತ್ತಾ ಕೇಳಬಹುದು, ಮೀನು ಹೆಚ್ಚುತ್ತಾ ಕೇಳಬಹುದು, ದುಬೈಯಿಂದ ವಿಡಿಯೊ ಕರೆಯಲ್ಲೂ ಕೇಳಬಹುದು. ಅಕ್ಷರ ಬಾರದ ಅಜ್ಜಿಯೂ ಮಗು ಓದುವುದನ್ನು ಕಿವಿಗೊಟ್ಟು ಕೇಳಬಲ್ಲರು. ಸಂಜೆ ತೇರ್ಸ್ ಮುಗಿದ ಮೇಲೆ ಹತ್ತು ನಿಮಿಷ ಟಿವಿ, ಮೊಬೈಲ್ ಬದಿಗಿಟ್ಟು ಇದಕ್ಕೆ ಕೊಟ್ಟರೆ ಯಾವ ಟ್ಯೂಷನ್ನೂ ಅದಕ್ಕೆ ಸಮವಲ್ಲ.

ಹೊಗಳುವಾಗಲೂ ಒಂದು ವಿವೇಕ ಬೇಕು. ‘ನೀನು ಭಾರೀ ಬುದ್ಧಿವಂತ’ ಎನ್ನುವುದಕ್ಕಿಂತ ‘ದಿನಾ ಎರಡು ಪದ ಬಿಡದೆ ಓದಿದೆಯಲ್ಲ’ ಎನ್ನುವುದು ಒಳ್ಳೆಯದು. ಬುದ್ಧಿಯನ್ನು ಹೊಗಳಿಸಿಕೊಂಡ ಮಕ್ಕಳು ಒಮ್ಮೆ ಸೋತಾಗ ಬೇಗ ಕೈಚೆಲ್ಲುತ್ತಾರೆ, ಪ್ರಯತ್ನವನ್ನು ಹೊಗಳಿಸಿಕೊಂಡವರು ಮತ್ತೆ ಯತ್ನಿಸುತ್ತಾರೆ ಎಂದು ಮುಲ್ಲರ್ ಮತ್ತು ಡ್ವೆಕ್ ಎಂಬ ಸಂಶೋಧಕಿಯರು 1998ರಲ್ಲೇ ತೋರಿಸಿದ್ದಾರೆ.

ಧರ್ಮಕೇಂದ್ರ ಏನು ಮಾಡಬಹುದು?

‘ಹೇಳುವುದು ಸುಲಭ, ನಮಗೆ ಸಮಯ ಎಲ್ಲಿದೆ?’ ಎಂದು ಶಿಕ್ಷಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಅನುದಾನಿತ ಕನ್ನಡ ಶಾಲೆಗಳಲ್ಲಿ ನಿವೃತ್ತರಾದವರ ಜಾಗ ತುಂಬದೆ ಒಬ್ಬರೇ ಎರಡು ಮೂರು ತರಗತಿ ನೋಡಿಕೊಳ್ಳುವ ಪರಿಸ್ಥಿತಿ ಇದೆ. ಇಂಗ್ಲಿಷ್ ಮಾಧ್ಯಮದಲ್ಲಿ ಒಂದೇ ಕೋಣೆಯಲ್ಲಿ ಕಿಕ್ಕಿರಿದ ಮಕ್ಕಳು. ಇದರ ಮೇಲೆ ದಾಖಲೆ, ಆನ್‌ಲೈನ್ ಮಾಹಿತಿ, ಸಭೆ. ಆದುದರಿಂದ ಈ ಕೆಲಸವನ್ನು ಶಿಕ್ಷಕರ ತಲೆಗೆ ಮಾತ್ರ ಕಟ್ಟುವುದು ಸರಿಯಲ್ಲ. ಶಾಲೆಯ ಸಂಚಾಲಕರಾದ ಧರ್ಮಗುರುಗಳು, ಮುಖ್ಯ ಶಿಕ್ಷಕರು ಬೇರೆ ಯಾವುದಾದರೂ ಒಂದು ದಾಖಲೆಯನ್ನೋ ಒಂದು ಕಾರ್ಯಕ್ರಮವನ್ನೋ ಕಡಿಮೆ ಮಾಡಿ ದಿನಕ್ಕೆ ಹದಿನೈದು ನಿಮಿಷ ಬಿಡಿಸಿಕೊಡಬೇಕು.

ಧರ್ಮಕೇಂದ್ರಗಳಲ್ಲಿ ನಿವೃತ್ತ ಶಿಕ್ಷಕ ಶಿಕ್ಷಕಿಯರಿದ್ದಾರೆ. ಅನೇಕರು ಸಂಜೆಯ ಹೊತ್ತು ಸುಮ್ಮನೆ ಕಳೆಯುತ್ತಾರೆ. ಪಾಲನಾ ಪರಿಷತ್ತು ಮತ್ತು ವಾಳೆಯ ಗುರಿಕಾರರು ಅವರನ್ನು ಕರೆದು, ಶನಿವಾರ ಮಧ್ಯಾಹ್ನ ಶಾಲೆಯಲ್ಲೇ ಒಂದು ಗಂಟೆ ‘ಓದು ಕೇಳುವ’ ಸೇವೆ ಆರಂಭಿಸಬಹುದು. ಪಾಠ ಮಾಡಬೇಕಿಲ್ಲ, ಕೇಳಿದರೆ ಸಾಕು. ಬಾಗಿಲು ತೆರೆದಿರಲಿ, ಇಬ್ಬರು ಹಿರಿಯರು ಒಟ್ಟಿಗಿರಲಿ, ಹೆತ್ತವರ ಒಪ್ಪಿಗೆ ಇರಲಿ. ನಮ್ಮ ಶಾಲೆಗಳಲ್ಲಿ ಹಿಂದೂ, ಮುಸ್ಲಿಂ ಮಕ್ಕಳು ದೊಡ್ಡ ಸಂಖ್ಯೆಯಲ್ಲಿದ್ದಾರೆ, ಈ ಸೇವೆ ಎಲ್ಲರಿಗೂ ಸಮಾನವಾಗಿರಲಿ.

ಗುರಿಯೊಂದರಿಂದ ಎಲ್ಲವೂ ಸರಿಯಾಗುತ್ತದೆ ಎಂದು ನಾವು ಹೇಳುತ್ತಿಲ್ಲ. ಬೋರ್ಡ್ ಕಾಣದ ಮಗುವಿಗೆ ಬೇಕಾದುದು ಕನ್ನಡಕ. ಬೆಳಿಗ್ಗೆ ತಿನ್ನದೆ ಬಂದ ಮಗುವಿಗೆ ಬೇಕಾದುದು ತಿಂಡಿ. ಎಷ್ಟು ಯತ್ನಿಸಿದರೂ ಅಕ್ಷರ ಗುರುತಿಸಲಾಗದ ಮಗುವಿಗೆ ತಜ್ಞರ ಪರೀಕ್ಷೆ ಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳ ಆರೋಗ್ಯ ತಪಾಸಣೆಗೆ ಅವಕಾಶವಿದೆ. ಆದರೆ ಇಂತಹ ತೊಂದರೆ ಮೊದಲು ಕಾಣುವುದೂ ಮಗುವನ್ನು ಹತ್ತಿರ ಕೂರಿಸಿ ಓದಿಸಿದಾಗಲೇ.

ಇಬ್ಬರಿಗೂ ಒಂದೇ ಮಾತು

ದಿವಂಗತ ಪೋಪ್ ಫ್ರಾನ್ಸಿಸರು 2019ರಲ್ಲಿ ಕರೆ ನೀಡಿದ ಜಾಗತಿಕ ಶಿಕ್ಷಣ ಒಪ್ಪಂದದ ಏಳು ಬದ್ಧತೆಗಳಲ್ಲಿ ಎರಡನೆಯದು ಮಕ್ಕಳ ಮತ್ತು ಯುವಜನರ ದನಿಗೆ ಕಿವಿಗೊಡುವುದು. ವ್ಯಾಟಿಕನ್ ಮಹಾಸಭೆಯ ಶಿಕ್ಷಣ ಘೋಷಣೆಗೆ ಅರವತ್ತು ವರ್ಷ ತುಂಬಿದ ಸಂದರ್ಭದಲ್ಲಿ, 2025ರ ಅಕ್ಟೋಬರ್‌ನಲ್ಲಿ, ಪೋಪ್ 14ನೇ ಲಿಯೋ ಅವರು ಶಿಕ್ಷಣದ ಕುರಿತು ಪ್ರೇಷಿತ ಪತ್ರವನ್ನೇ ಬರೆದು ಆ ಒಪ್ಪಂದವನ್ನು ಮುಂದುವರಿಸಲು ಹೇಳಿದ್ದಾರೆ. ದಾಖಲೆಗಳು ನಮ್ಮಲ್ಲಿ ಸಾಕಷ್ಟಿವೆ. ಕಿವಿಗೊಡುವುದು ಮಾತ್ರ ಪ್ರತಿ ತರಗತಿಯಲ್ಲಿ, ಪ್ರತಿ ಮನೆಯಲ್ಲಿ ಹೊಸದಾಗಿ ಆರಂಭವಾಗಬೇಕು.

ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದ ತಲೆಂತುಗಳ ಸಾಮತಿಯನ್ನು ನಾವೆಲ್ಲ ಪ್ರಸಂಗಗಳಲ್ಲಿ ಕೇಳಿದ್ದೇವೆ. ಐದು ತಲೆಂತು ಪಡೆದವನು ಇನ್ನೈದು ಗಳಿಸಿದ, ಎರಡು ಪಡೆದವನು ಇನ್ನೆರಡು. ಒಡೆಯ ಇಬ್ಬರನ್ನೂ ಮೆಚ್ಚಿದ ಮಾತು ಅಕ್ಷರಶಃ ಒಂದೇ. ಎರಡು ಗಳಿಸಿದವನಿಗೆ ‘ಅವನನ್ನು ನೋಡು, ಐದು ತಂದಿದ್ದಾನೆ’ ಎನ್ನಲಿಲ್ಲ. ಹಣವನ್ನು ಮಣ್ಣಿನಲ್ಲಿ ಹೂತಿಟ್ಟವನು ಮಾತ್ರ ಹೆದರಿದ್ದ ಎಂಬುದನ್ನೂ ಗಮನಿಸಬೇಕು. ಹೆದರಿಕೆಯಲ್ಲಿ ಕಲಿಯುವ ಮಗುವೂ ತನಗೆ ಸಿಕ್ಕಿದ್ದನ್ನು ಹೂತಿಡುತ್ತದೆ.

ಮುಂದಿನ ಮೇ ತಿಂಗಳಲ್ಲೂ ಫ್ಲೆಕ್ಸ್ ಹಾಕೋಣ, ಹೆಚ್ಚು ಅಂಕ ತೆಗೆದ ಮಕ್ಕಳನ್ನು ಮನಸಾರೆ ಅಭಿನಂದಿಸೋಣ. ಆದರೆ ಅದಕ್ಕೆ ಮೊದಲು, ನಮ್ಮ ಚರ್ಚಿನ ಆವರಣದಲ್ಲೇ ಇರುವ ಪ್ರಾಥಮಿಕ ಶಾಲೆಯ ಮೂರನೇ ತರಗತಿಗೆ ಒಮ್ಮೆ ಹೋಗಿ, ಕೊನೆಯ ಬೆಂಚಿನ ಮಗುವಿನ ಪಕ್ಕದಲ್ಲಿ ಕುಳಿತು, ಈ ವಾರ ಏನು ಕಲಿಯಬೇಕೆಂದಿದ್ದೀ ಎಂದು ಕೇಳೋಣ. ಮಗು ಉತ್ತರ ಹೇಳಿದರೆ ಆ ಶಾಲೆ ಸರಿಯಾದ ದಾರಿಯಲ್ಲಿದೆ. ಅದು ಟೀಚರ ಮುಖ ನೋಡಿದರೆ, ಕೆಲಸ ಇನ್ನೂ ನಮ್ಮದೇ.